ವಿಶ್ವ ಚಪ್ಪಟೆಯೋ, ಬಾಗಿದೆಯೋ? ದೂರದ ಕ್ವೇಸಾರ್‌ಗಳ ಸಾಕ್ಷಿ

ಮೈನಸ್ 0.044. ಪ್ಲಾಂಕ್ ಉಪಗ್ರಹದ ತಂಡ 2018ರಲ್ಲಿ ಕೊಟ್ಟ ಕೊನೆಯ ಲೆಕ್ಕಗಳಲ್ಲಿ, ವಿಶ್ವ ಎಷ್ಟು ಬಾಗಿದೆ ಅಂತ ಹೇಳುವ ಹೀಗೊಂದು ಅಂಕಿ ಇದೆ. ನೋಡೋಕೆ ಪುಟ್ಟದು. ಆದರೆ ಅದನ್ನು ಇದ್ದ ಹಾಗೇ ನಂಬಿದರೆ ನಮ್ಮ ವಿಶ್ವ ಚಪ್ಪಟೆಯಾಗಿಲ್ಲ. ಚೆಂಡಿನ ಮೈ ಬಾಗಿ ಬಾಗಿ ತನ್ನನ್ನೇ ಬಂದು ಸೇರುವ ಹಾಗೆ, ಇಡೀ ವಿಶ್ವವೇ ಬಾಗಿ ಮುಚ್ಚಿಕೊಂಡಿದೆ. ಅದಕ್ಕೆ ಅಂಚಿಲ್ಲ, ಆದರೆ ಅಳತೆಗೊಂದು ಮಿತಿ ಇದೆ.

ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. 0.0007. ಪ್ಲಾಂಕ್ ಮಾಹಿತಿಯ ಜೊತೆಗೆ ಗೆಲಾಕ್ಸಿಗಳು ಆಕಾಶದಲ್ಲಿ ಹೇಗೆ ಹರಡಿಕೊಂಡಿವೆ ಅನ್ನುವ ಮಾಹಿತಿಯನ್ನೂ ಸೇರಿಸಿದಾಗ ಬಂದದ್ದು. ಈ ಲೆಕ್ಕದಲ್ಲಿ ತಪ್ಪಿಗೆ ಇರುವ ಅವಕಾಶ 0.0019. ಅಂದರೆ ಬಂದ ಉತ್ತರಕ್ಕಿಂತ ತಪ್ಪಿನ ಅಂಚೇ ದೊಡ್ಡದು. ಇದನ್ನು ಸೊನ್ನೆ ಅಂತಲೇ ಓದಬೇಕು. ಸೊನ್ನೆ ಅಂದರೆ ಚಪ್ಪಟೆ.

ಒಂದೇ ವರದಿ, ಎರಡು ಉತ್ತರ. ಇಬ್ಬರು ಸಾಕ್ಷಿಗಳ ಮಾತು ಹೊಂದದಿದ್ದಾಗ ಇಬ್ಬರ ಮಾತನ್ನೂ ಕೂಡಿಸಿ ಸರಾಸರಿ ತೆಗೆದರೆ ನಿಜ ಸಿಗುವುದಿಲ್ಲ. ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರನ್ನು ಕೇಳಬೇಕು. ಹಾಗೆ ಕೇಳಬಹುದಾದ ಸಾಕ್ಷಿಗಳ ಸಾಲಿನಲ್ಲಿ ಕ್ವೇಸಾರ್‌ಗಳಿವೆ. ದೂರದ ಗೆಲಾಕ್ಸಿಗಳ ಕೇಂದ್ರದಲ್ಲಿ ಕೂತು ಉರಿಯುವ, ಇಡೀ ಗೆಲಾಕ್ಸಿಯನ್ನೇ ಮಂಕಾಗಿಸುವಷ್ಟು ಹೊಳಪಿನ ಕಾಯಗಳು ಅವು. ಇವತ್ತಿಗೆ ಅವುಗಳ ಸಾಕ್ಷಿ ಸ್ವಲ್ಪ ತೊದಲುತ್ತದೆ. ಆದರೂ ಅದಕ್ಕೆ ಕಿವಿಗೊಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ಮೊದಲು 'ಬಾಗುವುದು' ಅಂದರೇನು ಅಂತ ನೋಡಬೇಕು.

ಹೊರಗೆ ಹೋಗದೆ ಅಳೆಯುವುದು

ಒಂದು ಚೆಂಡು ಬಾಗಿದೆ ಅಂತ ನಮಗೆ ಗೊತ್ತಾಗುವುದು ನಾವು ಅದನ್ನು ಹೊರಗಿನಿಂದ ನೋಡುವುದರಿಂದ. ವಿಶ್ವದಿಂದ ಆಚೆ ಹೋಗಿ ನಿಂತು ನೋಡುವ ಜಾಗ ಇಲ್ಲ. ಹಾಗಾದರೆ ಒಳಗೇ ಇದ್ದುಕೊಂಡು ತಿಳಿಯೋದು ಹೇಗೆ?

ಭೂಮಿಯನ್ನೇ ತೆಗೆದುಕೊಳ್ಳೋಣ. ಉತ್ತರ ಧ್ರುವದಲ್ಲಿ ಒಂದು ಗೂಟ ನೆಟ್ಟು, ಅದಕ್ಕೆ 1 ಕಿಲೋಮೀಟರ್ ಹಗ್ಗ ಕಟ್ಟಿ, ಅದನ್ನು ಬಿಗಿಯಾಗಿ ಹಿಡಿದು ಒಂದು ಸುತ್ತು ಬಂದೆವು ಅಂತ ಇಟ್ಟುಕೊಳ್ಳಿ. ಶಾಲೆಯಲ್ಲಿ ಕಲಿತ ಲೆಕ್ಕದ ಪ್ರಕಾರ ಸುತ್ತಳತೆ 6.283 ಕಿಲೋಮೀಟರ್ ಇರಬೇಕು. ಭೂಮಿ ಬಾಗಿರುವುದರಿಂದ ನಿಜವಾದ ಸುತ್ತಳತೆ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ? ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು. ತಲೆಕೂದಲಿಗಿಂತ ತೆಳು. ಅಳೆಯೋಕೆ ಸಾಧ್ಯವೇ ಇಲ್ಲ.

ಹಗ್ಗವನ್ನು 100 ಕಿಲೋಮೀಟರ್ ಮಾಡಿ. ಈಗ ಕೊರತೆ ಸುಮಾರು 26 ಮೀಟರ್. ಇನ್ನೂ ಉದ್ದ ಮಾಡಿ, 10,000 ಕಿಲೋಮೀಟರ್. ಹಗ್ಗದ ತುದಿ ಸಮಭಾಜಕ ವೃತ್ತವನ್ನು ಮುಟ್ಟುತ್ತದೆ. ಚಪ್ಪಟೆ ನೆಲವಾಗಿದ್ದರೆ ಸುತ್ತಳತೆ 62,832 ಕಿಲೋಮೀಟರ್ ಇರಬೇಕಿತ್ತು. ಭೂಮಿಯ ಮೇಲೆ ಅದು ಬರೀ 40,000. ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಮಾಯ!

ಎರಡು ವಿಷಯ ಇಲ್ಲಿ ಸಿಗುತ್ತವೆ. ಭೂಮಿಯನ್ನು ಬಿಟ್ಟು ಮೇಲೇರದೆ, ಹಗ್ಗ ಮತ್ತು ಹೆಜ್ಜೆಯ ಲೆಕ್ಕದಿಂದಲೇ ಅದು ಬಾಗಿದೆ ಅಂತ ಹೇಳಬಹುದು. ಎರಡನೆಯದು, ಹಗ್ಗ ಹತ್ತು ಪಟ್ಟು ಉದ್ದವಾದರೆ ಕೊರತೆ ಸಾವಿರ ಪಟ್ಟು ಹೆಚ್ಚುತ್ತದೆ. ಹತ್ತಿರದಲ್ಲಿ ಎಷ್ಟೇ ಜಾಗರೂಕತೆಯಿಂದ ಅಳೆದರೂ ಪ್ರಯೋಜನವಿಲ್ಲ, ದೂರ ಹೋದರೆ ಒರಟು ಅಳತೆಯೂ ನಿಜ ಹೇಳುತ್ತದೆ. ವಿಶ್ವದ ಬಾಗುವಿಕೆ ಹುಡುಕುವವರು ದೂರದ ಕಾಯಗಳ ಹಿಂದೆ ಬೀಳುವುದು ಇದಕ್ಕೇ.

ಚೆಂಡಿನ ಹಾಗೆ ಬಾಗಿದ್ದರೆ ಸುತ್ತಳತೆ ಕಡಿಮೆಯಾಗುತ್ತದೆ. ಕುದುರೆಯ ಜೀನಿನ ಹಾಗೆ, ಒಂದು ದಿಕ್ಕಿಗೆ ಮೇಲೆ ಇನ್ನೊಂದು ದಿಕ್ಕಿಗೆ ಕೆಳಗೆ ಬಾಗಿದ್ದರೆ ಜಾಸ್ತಿಯಾಗುತ್ತದೆ. ಮೊದಲನೆಯದಕ್ಕೆ ಮುಚ್ಚಿದ ವಿಶ್ವ ಅಂತಲೂ, ಎರಡನೆಯದಕ್ಕೆ ತೆರೆದ ವಿಶ್ವ ಅಂತಲೂ ಹೆಸರು. ನಡುವಿನದು ಚಪ್ಪಟೆ. ಚಪ್ಪಟೆ ಅಂದರೆ ದೋಸೆ ಕಲ್ಲಿನ ಹಾಗೆ ಅಂತ ಅರ್ಥವಲ್ಲ. ಮೂರು ದಿಕ್ಕಿಗೂ ಹರಡಿದ ಜಾಗದಲ್ಲಿ ಶಾಲೆಯ ರೇಖಾಗಣಿತ ಎಷ್ಟು ದೂರ ಹೋದರೂ ಸರಿಯಾಗಿರುತ್ತದೆ ಅಂತ ಅರ್ಥ. ಈ ಬಾಗುವಿಕೆಯನ್ನು ಒಂದು ಅಂಕಿಯಲ್ಲಿ ಹೇಳುತ್ತಾರೆ, ಅದರ ಹೆಸರು ಒಮೇಗಾ-ಕೆ. ಮೊದಲ ಸಲ ಓದುವವರಿಗೆ ಗೊಂದಲವಾಗುವ ಒಂದು ಸಂಗತಿ ಇದೆ: ಒಮೇಗಾ-ಕೆ ಮೈನಸ್ ಇದ್ದರೆ ಚೆಂಡಿನ ಹಾಗೆ, ಪ್ಲಸ್ ಇದ್ದರೆ ಜೀನಿನ ಹಾಗೆ.

ಬಾಗುವಿಕೆಯನ್ನು ನಿರ್ಧರಿಸುವುದು ವಿಶ್ವದಲ್ಲಿ ಏನೆಷ್ಟು ತುಂಬಿದೆ ಅನ್ನುವುದು. ಎಲ್ಲ ವಸ್ತು, ಎಲ್ಲ ಶಕ್ತಿಯನ್ನೂ ಹರಡಿ ಸಮ ಮಾಡಿದರೆ, ಘನ ಮೀಟರಿಗೆ ಐದಾರು ಹೈಡ್ರೋಜನ್ ಪರಮಾಣುಗಳಷ್ಟು ತೂಕ ಬಂದರೆ ವಿಶ್ವ ಚಪ್ಪಟೆ. ಅದಕ್ಕಿಂತ ಜಾಸ್ತಿಯಾದರೆ ಮುಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ತೆರೆದುಕೊಳ್ಳುತ್ತದೆ.

ಬೆಟ್ಟದಿಂದ ನಕ್ಷತ್ರಕ್ಕೆ

ಈ ಪ್ರಶ್ನೆ ಐನ್‌ಸ್ಟೈನ್‌ಗಿಂತ ಹಳೆಯದು. 1820ರ ದಶಕದಲ್ಲಿ ಗಣಿತಜ್ಞ ಗೌಸ್ ಹ್ಯಾನೋವರ್ ಪ್ರಾಂತ್ಯದ ಸರ್ವೆ ಮಾಡುವಾಗ ಬ್ರೋಕೆನ್, ಹೋಹೆನ್‌ಹಾಗೆನ್, ಇನ್ಸೆಲ್ಸ್‌ಬರ್ಗ್ ಎಂಬ ಮೂರು ಬೆಟ್ಟಗಳ ನಡುವಿನ ತ್ರಿಕೋನವನ್ನು ಅಳೆದ. ಅದರ ಅತಿ ಉದ್ದದ ಬದಿ 100 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಮೂರು ಕೋನ ಕೂಡಿದರೆ 180 ಡಿಗ್ರಿ ಬರುತ್ತದೋ ಇಲ್ಲವೋ ಅಂತ ನೋಡಿ, ಜಾಗವೇ ಬಾಗಿದೆಯಾ ಅಂತ ಪರೀಕ್ಷಿಸಿದ ಅನ್ನುವ ಕಥೆ ಬಹಳ ಪ್ರಸಿದ್ಧ. ಅವನ ಉದ್ದೇಶ ನಿಜವಾಗಿ ಅದೇ ಆಗಿತ್ತಾ ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹೇಗಿದ್ದರೂ 100 ಕಿಲೋಮೀಟರ್ ತ್ರಿಕೋನದಲ್ಲಿ ವಿಶ್ವದ ಬಾಗು ಹುಡುಕುವುದು, ಗೂಟಕ್ಕೆ ಒಂದು ಗೇಣು ದಾರ ಕಟ್ಟಿ ಭೂಮಿ ಗುಂಡಗಿದೆಯಾ ಅಂತ ನೋಡಿದ ಹಾಗೆ.

ನನಗೆ ಇನ್ನೂ ಇಷ್ಟವಾಗುವುದು ಕಾರ್ಲ್ ಶ್ವಾರ್ಜ್‌ಶೀಲ್ಡ್ 1900ರಲ್ಲಿ ಮಾಡಿದ ಲೆಕ್ಕ. ಐನ್‌ಸ್ಟೈನ್‌ನ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಬರೋಕೆ ಇನ್ನೂ 15 ವರ್ಷ ಇತ್ತು. ಜಾಗ ಬಾಗಬಹುದು ಅನ್ನೋಕೆ ಭೌತವಿಜ್ಞಾನದಲ್ಲಿ ಯಾವ ಕಾರಣವೂ ಇರಲಿಲ್ಲ. ಆದರೂ ಆತ ನಕ್ಷತ್ರಗಳ ದೂರದ ಅಳತೆಗಳನ್ನು ಎದುರಿಗಿಟ್ಟುಕೊಂಡು, ಜಾಗ ಜೀನಿನ ಹಾಗೆ ಬಾಗಿದ್ದರೆ ಅದರ ತ್ರಿಜ್ಯ 64 ಬೆಳಕಿನ ವರ್ಷಕ್ಕಿಂತ ಕಡಿಮೆ ಇರಲಾರದು ಅಂದ. ಚೆಂಡಿನ ಹಾಗಿದ್ದರೆ ಸುಮಾರು 1,600 ಬೆಳಕಿನ ವರ್ಷ. ಅಂದರೆ ಆಗಿನ ಮಾಹಿತಿ ಅಷ್ಟನ್ನೇ ಹೇಳುತ್ತಿತ್ತು, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಸಿದ್ಧಾಂತ ಏನನ್ನುತ್ತದೆ ಅಂತ ಕಾಯದೆ, ನೇರ ಆಕಾಶವನ್ನೇ ಕೇಳಿದ ಆ ರೀತಿ ಇವತ್ತಿನ ಕ್ವೇಸಾರ್ ಲೆಕ್ಕದವರಿಗೂ ಮಾದರಿ.

ಗಂಟು ಇರುವುದು ಎಲ್ಲಿ

ಉಪಾಯ ಸುಲಭ ಅನ್ನಿಸುತ್ತದೆ. ನಿಜವಾದ ಅಳತೆ ಗೊತ್ತಿರುವ ಒಂದು ವಸ್ತುವನ್ನು ದೂರದಲ್ಲಿ ಹುಡುಕಿ. ಅದು ಇಲ್ಲಿಂದ ಎಷ್ಟು ದೊಡ್ಡದಾಗಿ ಕಾಣುತ್ತದೆ ನೋಡಿ. ಮುಚ್ಚಿದ ವಿಶ್ವದಲ್ಲಿ ಅದು ಲೆಕ್ಕಕ್ಕಿಂತ ದೊಡ್ಡದಾಗಿ ಕಾಣಬೇಕು, ತೆರೆದದ್ದರಲ್ಲಿ ಚಿಕ್ಕದಾಗಿ. ವಸ್ತುವಿನ ಬದಲು, ನಿಜವಾದ ಹೊಳಪು ಗೊತ್ತಿರುವ ದೀಪ ಸಿಕ್ಕಿದರೂ ಆದೀತು. ಅದು ಎಷ್ಟು ಮಂಕಾಗಿದೆ ಅಂತ ನೋಡಿದರೆ ಸಾಕು.

ಆದರೆ ಈ ವಿಶ್ವ ಸುಮ್ನೆ ನಿಂತಿಲ್ಲ, ಹಿಗ್ಗುತ್ತಿದೆ. ದೂರದ ಕಾಯದಿಂದ ಬರುವ ಬೆಳಕು ದಾರಿಯಲ್ಲಿ ಹಿಗ್ಗಿ ಕೆಂಪಿನ ಕಡೆ ಸರಿಯುತ್ತದೆ. ಇದೇ ಕೆಂಪು ಪಲ್ಲಟ. ಬೆಳಕು ಹೊರಟ ಮೇಲೆ ವಿಶ್ವ ಎಷ್ಟು ಪಟ್ಟು ಹಿಗ್ಗಿದೆ ಅಂತ ಅದು ಖಚಿತವಾಗಿ ಹೇಳುತ್ತದೆ. ಯಾವ ವೇಗದಲ್ಲಿ ಹಿಗ್ಗಿತು, ಎಲ್ಲಿ ನಿಧಾನವಾಯಿತು, ಎಲ್ಲಿ ಚುರುಕಾಯಿತು ಅಂತ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ದೂರ ಗೊತ್ತಾಗುವುದಿಲ್ಲ. ಕಾಯವೊಂದು ಮಂಕಾಗಿ ಕಂಡರೆ ಅದಕ್ಕೆ ಕಾರಣ ಜಾಗದ ಬಾಗುವಿಕೆಯೋ, ಹಿಗ್ಗಿನ ವೇಗವೋ? ಎರಡೂ ಒಂದೇ ದಾರದಲ್ಲಿ ಗಂಟು ಬಿದ್ದಿವೆ.

ಈ ಗಂಟಿನ ಕಾರಣದಿಂದ ವಿಚಿತ್ರಗಳೂ ಆಗುತ್ತವೆ. ಪೂರ್ತಿ ಚಪ್ಪಟೆ ವಿಶ್ವದಲ್ಲೂ, ಕೆಂಪು ಪಲ್ಲಟ ಸುಮಾರು 1.6 (ಅಂದರೆ ಬೆಳಕು ಹೊರಟ ಮೇಲೆ ವಿಶ್ವ 2.6 ಪಟ್ಟು ಹಿಗ್ಗಿದಷ್ಟು) ದಾಟಿದ ಮೇಲೆ, ಒಂದೇ ಅಳತೆಯ ವಸ್ತು ದೂರ ಹೋದಷ್ಟೂ ದೊಡ್ಡದಾಗಿ ಕಾಣುತ್ತದೆ! ಆ ಬೆಳಕು ಹೊರಟಾಗ ವಿಶ್ವ ಚಿಕ್ಕದಿತ್ತು, ವಸ್ತು ನಮಗೆ ಹತ್ತಿರವಿತ್ತು. ಅಂದಿನ ಆ ಹತ್ತಿರದ ನೋಟವೇ ಇವತ್ತು ನಮ್ಮನ್ನು ಮುಟ್ಟುತ್ತಿದೆ. ಇದು ಬಾಗುವಿಕೆಯ ಗುರುತಲ್ಲ. ಆದರೆ ಎಚ್ಚರ ತಪ್ಪಿದರೆ ಹಾಗೆ ಕಾಣಬಹುದು.

ಈಗ ಪ್ಲಾಂಕ್ ವಿಷಯಕ್ಕೆ ಬರೋಣ. ವಿಶ್ವ ಹುಟ್ಟಿ ಸುಮಾರು 3,80,000 ವರ್ಷ ಆದಾಗ ಹೊರಟ ಬೆಳಕು ಇವತ್ತು ಮೈಕ್ರೋವೇವ್ ಹಿನ್ನೆಲೆಯಾಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅದರಲ್ಲಿ ಸ್ವಲ್ಪ ಬಿಸಿ, ಸ್ವಲ್ಪ ತಣ್ಣನೆ ಮಚ್ಚೆಗಳಿವೆ. ಆ ಕಾಲದ ಬಿಸಿ ಅನಿಲದಲ್ಲಿ ಶಬ್ದದ ಅಲೆಗಳು ಓಡಾಡುತ್ತಿದ್ದವು. ಅಷ್ಟರೊಳಗೆ ಅಲೆ ಎಷ್ಟು ದೂರ ಹೋಗಿರಬಹುದು ಅಂತ ಭೌತವಿಜ್ಞಾನದಿಂದ ಲೆಕ್ಕ ಹಾಕಬಹುದು. ಅದೇ ಅಳತೆಗೋಲು. ಚಪ್ಪಟೆ ವಿಶ್ವದಲ್ಲಿ ಆ ಮಚ್ಚೆಗಳು ಆಕಾಶದಲ್ಲಿ ಸುಮಾರು ಒಂದು ಡಿಗ್ರಿ ಅಗಲ ಕಾಣಬೇಕು, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕದಲ್ಲಿಟ್ಟಷ್ಟು. 1998ರಲ್ಲಿ ಬೂಮರಾಂಗ್ ಅನ್ನುವ ಬಲೂನು ಪ್ರಯೋಗ ಅಂಟಾರ್ಕ್ಟಿಕಾದ ಮೇಲೆ ಹಾರಿ ಅಳೆಯಿತು. 2000ದಲ್ಲಿ ಫಲಿತಾಂಶ ಬಂತು, ಸುಮಾರು ಒಂದು ಡಿಗ್ರಿಯೇ. ಮ್ಯಾಕ್ಸಿಮಾ ಅನ್ನುವ ಇನ್ನೊಂದು ಬಲೂನೂ ಅದನ್ನೇ ಹೇಳಿತು. ವಿಶ್ವ ಹತ್ತಿರ ಹತ್ತಿರ ಚಪ್ಪಟೆ ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು.

ಆದರೆ 'ಹತ್ತಿರ ಹತ್ತಿರ' ಸಾಲದು ಅಂದಾಗ ಗಂಟು ಮತ್ತೆ ಎದುರಾಗುತ್ತದೆ. ವಿಶ್ವ ಸ್ವಲ್ಪ ಮುಚ್ಚಿಕೊಂಡಿದ್ದು, ಇವತ್ತು ನಿಧಾನವಾಗಿ ಹಿಗ್ಗುತ್ತಿದ್ದರೂ ಮಚ್ಚೆಗಳು ಅದೇ ಒಂದು ಡಿಗ್ರಿ ಕಾಣುತ್ತವೆ. ಮಚ್ಚೆಯ ಅಳತೆಯೊಂದೇ ಈ ಎರಡನ್ನು ಬೇರೆ ಮಾಡಲಾರದು. ಪ್ಲಾಂಕ್‌ನ ಲೆಕ್ಕ ಮುಚ್ಚಿದ ವಿಶ್ವದ ಕಡೆ ವಾಲಿದ್ದಕ್ಕೆ ಕಾರಣ ಬೇರೆ. ಆ ಹಳೆಯ ಬೆಳಕು ದಾರಿಯಲ್ಲಿ ಸಿಕ್ಕ ಗೆಲಾಕ್ಸಿಗಳ ಗುರುತ್ವಕ್ಕೆ ಸಿಕ್ಕಿ ಸ್ವಲ್ಪ ಕಲಕಿರುತ್ತದೆ. ಪ್ಲಾಂಕ್ ಮಾಹಿತಿಯಲ್ಲಿ ಈ ಕಲಕು ಎಣಿಸಿದ್ದಕ್ಕಿಂತ ಜಾಸ್ತಿ ಕಂಡಿತು. ವಿಶ್ವದಲ್ಲಿ ವಸ್ತು ಜಾಸ್ತಿ ಇದ್ದರೆ ಕಲಕು ಜಾಸ್ತಿ. ವಸ್ತು ಜಾಸ್ತಿ ಇದ್ದರೆ ವಿಶ್ವ ಮುಚ್ಚಿಕೊಳ್ಳುತ್ತದೆ. ಹೀಗೆ ಬಂದದ್ದು ಮೈನಸ್ 0.044.

2019ರಲ್ಲಿ ದಿ ವಾಲೆಂಟಿನೋ, ಮೆಲ್ಕಿಯೋರಿ, ಸಿಲ್ಕ್ ಮೂವರೂ ಸೇರಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ವಿಶ್ವವಿಜ್ಞಾನಕ್ಕೇ ಬಿಕ್ಕಟ್ಟು ಬಂದಿರಬಹುದು ಅಂತ ಬರೆದರು. ಅವರ ವಾದದ ಒಂದು ಮಾತು ನನಗೆ ಸರಿ ಅನ್ನಿಸುತ್ತದೆ. ಮುಚ್ಚಿದ ವಿಶ್ವ ಅಂತ ಒಪ್ಪಿಕೊಂಡರೆ ಪ್ಲಾಂಕ್ ಮಾಹಿತಿ ಮತ್ತು ಗೆಲಾಕ್ಸಿ ಹಂಚಿಕೆಯ ಮಾಹಿತಿ ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಎರಡನ್ನು ಕೂಡಿಸಿ 'ನೋಡಿ, ಸೊನ್ನೆ' ಅನ್ನುವುದು ಎಷ್ಟು ಸರಿ? ಆದರೆ ಅವರ ತೀರ್ಮಾನಕ್ಕೆ ದೊಡ್ಡ ಅಡ್ಡಿಯೂ ಇದೆ. ಆ ವಿಶ್ವ ಇವತ್ತು ಹಿಗ್ಗುವ ದರ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 54 ಕಿಲೋಮೀಟರ್ ಆಗಬೇಕು (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಬೆಳಕಿನ ವರ್ಷ). ನೇರ ಅಳತೆಗಳು 70ರ ಆಸುಪಾಸು ಹೇಳುತ್ತವೆ. ಅದು ಸಣ್ಣ ವ್ಯತ್ಯಾಸವಲ್ಲ.

2020ರಲ್ಲಿ ಎಫ್‌ಸ್ಟಾಥಿಯೂ ಮತ್ತು ಗ್ರಾಟನ್ ಪ್ಲಾಂಕ್ ಮಾಹಿತಿಯನ್ನೇ ಬೇರೆ ರೀತಿಯಲ್ಲಿ ವಿಶ್ಲೇಷಿಸಿ, ಮುಚ್ಚಿದ ವಿಶ್ವಕ್ಕೆ ಅಷ್ಟು ಬಲವಾದ ಆಧಾರ ಇಲ್ಲ ಅಂದರು. ಆಮೇಲೆ ಮೂಲ ಮಾಹಿತಿಯನ್ನು ಹೊಸದಾಗಿ ಸಂಸ್ಕರಿಸಿದಾಗ ಆ ವಾಲು ಇನ್ನಷ್ಟು ಸೊನ್ನೆಯತ್ತ ಬಂತು. ಚಿಲಿಯ ಅಟಕಾಮಾ ಮರುಭೂಮಿಯ ಟೆಲಿಸ್ಕೋಪ್ ಅದೇ ಹಳೆಯ ಬೆಳಕನ್ನು ಇನ್ನೂ ಸೂಕ್ಷ್ಮವಾಗಿ ನೋಡಿ, ಹೆಚ್ಚುವರಿ ಕಲಕು ತನಗೆ ಕಾಣುತ್ತಿಲ್ಲ ಅಂದಿತು. ನನ್ನ ಎಣಿಕೆಯಲ್ಲಿ ಮೈನಸ್ 0.044 ಹೆಚ್ಚಾಗಿ ಮಾಹಿತಿಯ ಏರಿಳಿತವೇ ಇರಬೇಕು. ಆದರೆ ಈ ವಾದ ಒಂದು ಪಾಠ ಬಿಟ್ಟುಹೋಗಿದೆ. ಹಿನ್ನೆಲೆ ಬೆಳಕಿನಿಂದ ಬರುವ ಪ್ರತಿ ಉತ್ತರದ ಒಳಗೂ ವಿಶ್ವ ಹೇಗೆ ಹಿಗ್ಗಿತು ಅನ್ನುವ ಒಂದು ಊಹೆ ಅಡಗಿರುತ್ತದೆ. ಆ ಊಹೆ ಬೇಡದ ಅಳತೆ ಒಂದು ಬೇಕು.

ಕ್ವೇಸಾರ್ ಅನ್ನುವ ದೀಪ

1963ರಲ್ಲಿ ಮಾರ್ಟನ್ ಶ್ಮಿಟ್ 3ಸಿ 273 ಅನ್ನುವ, ನಕ್ಷತ್ರದ ಹಾಗೆ ಕಾಣುವ ಕಾಯದ ಬೆಳಕಿನ ಪಟ್ಟಿಯನ್ನು ನೋಡುತ್ತಿದ್ದರು. ಅದರ ಗೆರೆಗಳು ಯಾವುದಕ್ಕೂ ಹೊಂದುತ್ತಿರಲಿಲ್ಲ. ಅವು ಸಾಮಾನ್ಯ ಹೈಡ್ರೋಜನ್ ಗೆರೆಗಳೇ, ಆದರೆ ಶೇಕಡಾ 16ರಷ್ಟು ಕೆಂಪಿಗೆ ಸರಿದಿವೆ ಅಂತ ಹೊಳೆದಾಗ ಎಲ್ಲ ಬದಲಾಯಿತು. ಅಷ್ಟು ಸರಿದಿದ್ದರೆ ಅದು 200 ಕೋಟಿ ಬೆಳಕಿನ ವರ್ಷಕ್ಕೂ ಆಚೆ ಇರಬೇಕು. ಅಷ್ಟು ದೂರದಿಂದಲೂ ಸಾಧಾರಣ ಟೆಲಿಸ್ಕೋಪಿಗೆ ಕಾಣುತ್ತದೆ ಅಂದರೆ ಅದರ ಹೊಳಪು ಎಷ್ಟಿರಬೇಕು! ಭಾರೀ ಕಪ್ಪುಕುಳಿಯೊಂದರ ಸುತ್ತ ಸುಳಿಯುತ್ತಾ ಒಳಗೆ ಬೀಳುವ ಅನಿಲ ಕಾದು ಹೊಳೆಯುವುದರಿಂದ ಆ ಬೆಳಕು.

ಸೂಪರ್ನೋವಾಗಳು, ಅಂದರೆ ಸಿಡಿದು ಹೊಳೆಯುವ ನಕ್ಷತ್ರಗಳು, ಒಳ್ಳೆಯ ದೀಪಗಳು. ವಿಶ್ವದ ಹಿಗ್ಗು ಚುರುಕಾಗುತ್ತಿದೆ ಅಂತ 1998ರಲ್ಲಿ ತೋರಿಸಿಕೊಟ್ಟದ್ದು ಅವೇ. ಆದರೆ ದೂರ ಅಳೆಯೋಕೆ ಒದಗಿರುವವು ಹೆಚ್ಚಾಗಿ ಕೆಂಪು ಪಲ್ಲಟ 2ರ ಒಳಗೇ ಇವೆ. ಕ್ವೇಸಾರ್‌ಗಳು 7ನ್ನೂ ದಾಟಿ ಕಾಣುತ್ತವೆ. ಹಗ್ಗ ಉದ್ದವಾದಷ್ಟೂ ಬಾಗು ಎದ್ದು ಕಾಣುತ್ತದೆ ಅಲ್ವಾ, ಅದಕ್ಕೇ ಇವುಗಳ ಮೇಲೆ ಆಸೆ.

ತೊಂದರೆ ಏನೆಂದರೆ ಎಲ್ಲ ಕ್ವೇಸಾರ್‌ಗಳ ಹೊಳಪೂ ಒಂದೇ ಅಲ್ಲ. ಒಂದು ಇನ್ನೊಂದಕ್ಕಿಂತ ಸಾವಿರ ಪಟ್ಟು ಹೊಳೆಯಬಹುದು. ಇಟಲಿಯ ರಿಸಾಲಿಟಿ ಮತ್ತು ಲುಸ್ಸೋ ಇದಕ್ಕೊಂದು ದಾರಿ ಹುಡುಕಿದರು. ಕ್ವೇಸಾರ್ ಅತಿನೇರಳೆ ಬೆಳಕನ್ನೂ ಎಕ್ಸ್-ರೇಯನ್ನೂ ಸೂಸುತ್ತದೆ. ಅತಿನೇರಳೆ ಹತ್ತು ಪಟ್ಟು ಹೆಚ್ಚಾದರೆ ಎಕ್ಸ್-ರೇ ಹತ್ತು ಪಟ್ಟು ಹೆಚ್ಚಾಗುವುದಿಲ್ಲ, ಬರೀ ನಾಲ್ಕು ಪಟ್ಟು ಹೆಚ್ಚಾಗುತ್ತದೆ. ಈ ಅಸಮಾನತೆಯೇ ಕೀಲಿ. ಎರಡೂ ಒಂದೇ ಲೆಕ್ಕದಲ್ಲಿ ಹೆಚ್ಚಾಗುತ್ತಿದ್ದರೆ ಅವುಗಳ ಅನುಪಾತ ನೋಡಿ ಏನೂ ತಿಳಿಯುತ್ತಿರಲಿಲ್ಲ. ಈಗ ಅನುಪಾತ ನೋಡಿದರೆ ಅದರ ನಿಜವಾದ ಹೊಳಪು ಅಂದಾಜಾಗುತ್ತದೆ, ಅದರಿಂದ ದೂರ ಸಿಗುತ್ತದೆ. 2019ರಲ್ಲಿ ಅವರು ಸುಮಾರು 1,600 ಕ್ವೇಸಾರ್‌ಗಳನ್ನು ಹೀಗೆ ಬಳಸಿದರು. ಆಮೇಲಿನ ಪಟ್ಟಿಯಲ್ಲಿ ಸಂಖ್ಯೆ 2,400 ದಾಟಿತು. ದೂರದ ಕ್ವೇಸಾರ್‌ಗಳು ಒಪ್ಪಿತ ಮಾದರಿಯಿಂದ ಸ್ವಲ್ಪ ದಾರಿ ತಪ್ಪುತ್ತಿವೆ ಅಂತ ಅವರಿಗೆ ಕಂಡಿತು.

ಇದನ್ನು ಓದಿ ತುಂಬ ಖುಷಿಪಡುವ ಮೊದಲು ಒಂದು ಮಾತು. ಒಂದೊಂದೇ ಕ್ವೇಸಾರ್ ತೆಗೆದುಕೊಂಡರೆ ಈ ನಂಟು ಸಾಕಷ್ಟು ಚದುರಿದೆ. ಇನ್ನೂ ಗಂಭೀರವಾದದ್ದು, ಹತ್ತಿರದ ಕ್ವೇಸಾರ್‌ಗಳಿಗೂ ದೂರದವಕ್ಕೂ ಅದೇ ನಂಟು ಹೊಂದುತ್ತದೆಯೇ ಅನ್ನುವ ಅನುಮಾನ. ಖಡ್ಕಾ ಮತ್ತು ರಾತ್ರಾ ಇದನ್ನು ಪರೀಕ್ಷಿಸಿ, ಈ ಪಟ್ಟಿಯಲ್ಲಿ ಆ ನಂಟು ಕೆಂಪು ಪಲ್ಲಟದೊಂದಿಗೆ ಬದಲಾಗುತ್ತಿರುವ ಹಾಗೆ ಕಾಣುತ್ತದೆ ಅಂದರು. ಹಾಗಿದ್ದರೆ ದೀಪವೇ ಬದಲಾಗುತ್ತಿದೆ, ಜಾಗದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ದೀಪದ ಬದಲು ಅಳತೆಗೋಲಾಗಿಯೂ ಕ್ವೇಸಾರ್ ಬಳಕೆಯಾಗುತ್ತದೆ. ಕೆಲವು ರೇಡಿಯೋ ಕ್ವೇಸಾರ್‌ಗಳ ಒಳಗಿನ ತಿರುಳಿನ ಅಳತೆ ಹೆಚ್ಚುಕಡಿಮೆ ಒಂದೇ. ಇಂಥ 120 ಕ್ವೇಸಾರ್‌ಗಳ ಪಟ್ಟಿಯಲ್ಲಿ ಅದು ಸುಮಾರು 11 ಪಾರ್ಸೆಕ್, ಅಂದರೆ 36 ಬೆಳಕಿನ ವರ್ಷ ಅಂತ ಲೆಕ್ಕ ಸಿಕ್ಕಿದೆ. ಆಕಾಶದಲ್ಲಿ ಅದು ಕಾಣುವ ಅಗಲ ಸುಮಾರು ಒಂದು ಡಿಗ್ರಿಯ ಮೂವತ್ತು ಲಕ್ಷದಲ್ಲೊಂದು ಪಾಲು. ತಲೆಕೂದಲೊಂದನ್ನು ಹದಿನೈದು ಕಿಲೋಮೀಟರ್ ದೂರದಲ್ಲಿ ಅಡ್ಡ ಹಿಡಿದರೆ ಕಾಣುವಷ್ಟು. ಒಂದೇ ಟೆಲಿಸ್ಕೋಪಿನಿಂದ ಇದು ಆಗದ ಕೆಲಸ. ಖಂಡ ಖಂಡಗಳಲ್ಲಿ ಹರಡಿರುವ ರೇಡಿಯೋ ಆಂಟೆನಾಗಳು ಒಂದೇ ಕ್ಷಣಕ್ಕೆ ಒಂದೇ ಕ್ವೇಸಾರ್ ನೋಡಿ, ಪರಮಾಣು ಗಡಿಯಾರದ ಸಮಯ ಹಾಕಿ ದಾಖಲಿಸಿ, ಆಮೇಲೆ ಎಲ್ಲವನ್ನೂ ಕೂಡಿಸಿದಾಗ ಭೂಮಿಯಷ್ಟು ಅಗಲದ ಟೆಲಿಸ್ಕೋಪಿನ ಕಣ್ಣು ಸಿಗುತ್ತದೆ.

ಮೂರು ದೂರಗಳ ಲೆಕ್ಕ

ಎಲ್ಲಕ್ಕಿಂತ ಚೆಂದದ ದಾರಿ ಗುರುತ್ವ ಮಸೂರದ್ದು. ನಮ್ಮ ಮತ್ತು ದೂರದ ಕ್ವೇಸಾರ್ ನಡುವೆ ಸರಿಯಾಗಿ ಒಂದು ಗೆಲಾಕ್ಸಿ ಬಂದರೆ ಅದರ ಗುರುತ್ವ ಬೆಳಕನ್ನು ಬಗ್ಗಿಸುತ್ತದೆ. ಒಂದೇ ಕ್ವೇಸಾರ್ ಎರಡಾಗಿ, ಕೆಲವೊಮ್ಮೆ ನಾಲ್ಕಾಗಿ ಕಾಣುತ್ತದೆ. ಮೊದಲು ಸಿಕ್ಕಿದ್ದು 1979ರಲ್ಲಿ, ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದ ಟೆಲಿಸ್ಕೋಪಿನಲ್ಲಿ. ಆಕಾಶದಲ್ಲಿ ಅಕ್ಕಪಕ್ಕ ಎರಡು ಕ್ವೇಸಾರ್, ಎರಡರ ಬೆಳಕಿನ ಪಟ್ಟಿಯೂ ಒಂದೇ. ಅದು ಅವಳಿಗಳಲ್ಲ, ಒಂದರದೇ ಎರಡು ಬಿಂಬ. ಒಂದು ಬಿಂಬದಲ್ಲಿ ಹೊಳಪು ಏರಿದರೆ ಇನ್ನೊಂದರಲ್ಲಿ ಅದೇ ಏರಿಕೆ ಸುಮಾರು 417 ದಿನಗಳ ನಂತರ ಕಾಣುತ್ತದೆ. ಎರಡು ದಾರಿಗಳ ಪ್ರಯಾಣದ ಸಮಯದಲ್ಲಿ ಅಷ್ಟು ವ್ಯತ್ಯಾಸ.

ಇದರಿಂದ ಬಾಗುವಿಕೆ ಹೇಗೆ ತಿಳಿಯುತ್ತದೆ? ಮತ್ತೆ ಉತ್ತರ ಧ್ರುವದ ಗೂಟಕ್ಕೆ ಹೋಗೋಣ. ನಾವು ಗೂಟದ ಹತ್ತಿರ. 5,000 ಕಿಲೋಮೀಟರ್ ದೂರದಲ್ಲಿ ಮಸೂರ, 10,000 ಕಿಲೋಮೀಟರ್ ದೂರದಲ್ಲಿ ಕ್ವೇಸಾರ್. ಆಕಾಶದಲ್ಲಿ ನಾವು ದೂರವನ್ನು ಹಗ್ಗ ಹಿಡಿದು ಅಳೆಯುವುದಿಲ್ಲ. ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರಿಂದ ಅಳೆಯುತ್ತೇವೆ. ಅದು ಸುತ್ತಳತೆಯಿಂದ ತ್ರಿಜ್ಯ ಕಂಡುಹಿಡಿದ ಹಾಗೆ. 5,000 ಕಿಲೋಮೀಟರಿನ ವೃತ್ತದ ಸುತ್ತಳತೆ ಭೂಮಿಯ ಮೇಲೆ ಸುಮಾರು 28,284 ಕಿಲೋಮೀಟರ್. ಅದರಿಂದ ಬರುವ 'ದೂರ' 4,502. ಮಸೂರದಿಂದ ಕ್ವೇಸಾರ್‌ಗೂ ಅಷ್ಟೇ, 4,502. ಎರಡನ್ನು ಕೂಡಿದರೆ 9,004 ಆಗಬೇಕು. ಆದರೆ ನಮ್ಮಿಂದ ನೇರ ಕ್ವೇಸಾರ್‌ಗೆ ಅದೇ ರೀತಿ ಅಳೆದರೆ ಸಿಗುವುದು 6,366 ಮಾತ್ರ! ಚಪ್ಪಟೆ ಜಾಗದಲ್ಲಿ ಈ ಕೂಡುಲೆಕ್ಕ ಸರಿಹೋಗುತ್ತಿತ್ತು. ಸರಿಹೋಗದೆ, ನೇರ ಅಳೆದ ದೂರ ಕೂಡಿದ್ದಕ್ಕಿಂತ ಕಡಿಮೆ ಬಂದರೆ ಮುಚ್ಚಿದ ವಿಶ್ವ, ಜಾಸ್ತಿ ಬಂದರೆ ತೆರೆದ ವಿಶ್ವ.

ಮಸೂರದ ಹೆಚ್ಚುಗಾರಿಕೆ ಇರುವುದು ಇಲ್ಲೇ. ನಾವಿಲ್ಲಿಂದ ಮಸೂರಕ್ಕೆ ಎಷ್ಟು, ಕ್ವೇಸಾರ್‌ಗೆ ಎಷ್ಟು ಅಂತ ಹೇಗೋ ಅಳೆಯಬಹುದು. ಮಸೂರದ ಹತ್ತಿರ ಹೋಗಿ ನಿಂತು ಅಲ್ಲಿಂದ ಕ್ವೇಸಾರ್‌ಗೆ ಎಷ್ಟು ಅಂತ ಅಳೆಯೋಕೆ ಯಾರಿಗೂ ಆಗುವುದಿಲ್ಲ. ಬೆಳಕು ಎಷ್ಟು ಬಾಗಿತು, ಎಷ್ಟು ದಿನ ತಡವಾಯಿತು ಅನ್ನುವುದರಲ್ಲಿ ಆ ಮೂರನೇ ದೂರ ತಾನಾಗಿ ಬರೆದುಕೊಂಡಿರುತ್ತದೆ. ಮೂರೂ ದೂರ ಸಿಕ್ಕಿದ ಮೇಲೆ, ವಿಶ್ವದ ಹಿಗ್ಗನ್ನು ಚುರುಕಾಗಿಸುವ ಡಾರ್ಕ್ ಎನರ್ಜಿ ಎಷ್ಟಿದೆ, ವಿಶ್ವ ಯಾವಾಗ ಚುರುಕಾಯಿತು ಅನ್ನುವ ಯಾವ ಊಹೆಯೂ ಬೇಕಿಲ್ಲ. ಗಂಟು ಬಿಚ್ಚಿಕೊಳ್ಳುತ್ತದೆ. 2015ರಲ್ಲಿ ರಾಸಾನೆನ್ ಮತ್ತು ಸಂಗಡಿಗರು ಈ ದಾರಿಯನ್ನು ಸ್ಪಷ್ಟವಾಗಿ ಮುಂದಿಟ್ಟರು. ಆಮೇಲೆ ಹಲವು ತಂಡಗಳು ಮಸೂರಗಳಿಗೆ ಸೂಪರ್ನೋವಾ, ಕ್ವೇಸಾರ್ ಎರಡನ್ನೂ ಜೋಡಿಸಿ ಲೆಕ್ಕ ಮಾಡಿವೆ.

ಇಲ್ಲೂ ಮೋಸವಿಲ್ಲದೆ ಹೇಳಬೇಕಾದದ್ದು ಇದೆ. ಮಸೂರವಾಗಿರುವ ಗೆಲಾಕ್ಸಿಯಲ್ಲಿ ತೂಕ ಹೇಗೆ ಹಂಚಿಕೆಯಾಗಿದೆ ಅಂತ ಚೆನ್ನಾಗಿ ಗೊತ್ತಿರಬೇಕು. ಅದರ ಬಹುಪಾಲು ಕಾಣದ ಡಾರ್ಕ್ ಮ್ಯಾಟರ್. ಗೆಲಾಕ್ಸಿಯ ಮೇಲೆ ಸಮನಾದ ತೂಕದ ಹಾಳೆಯೊಂದನ್ನು ಹೊದಿಸಿದರೂ ಬಿಂಬಗಳ ಜಾಗ ಬದಲಾಗದ ಹಾಗೆ ಲೆಕ್ಕ ಕೂಡಿಸಬಹುದು, ಆದರೆ ದೂರದ ಲೆಕ್ಕ ಮಾತ್ರ ಕೆಡುತ್ತದೆ. ಈ ಕಾರಣಗಳಿಂದ ಇಂಥ ಅಳತೆಗಳಲ್ಲಿ ತಪ್ಪಿನ ಅಂಚು ಇವತ್ತಿಗೂ 0.1ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಜಾಸ್ತಿ ಇದೆ. ಪ್ಲಾಂಕ್ ಮತ್ತು ಗೆಲಾಕ್ಸಿ ಮಾಹಿತಿ ಸೇರಿಸಿದಾಗ ಬರುವ 0.0019ರ ಎದುರು ಇದು ಐವತ್ತು ಪಟ್ಟು ಒರಟು. ಮೈನಸ್ 0.044 ಸರಿಯೋ ತಪ್ಪೋ ಅಂತ ಹೇಳೋಕೂ ಸಾಲದು. ಕ್ವೇಸಾರ್ ಮತ್ತು ಮಸೂರಗಳ ಸಾಕ್ಷಿ ತೊದಲುತ್ತದೆ ಅಂತ ಮೊದಲೇ ಹೇಳಿದ್ದು ಇದಕ್ಕೇ. ಇಲ್ಲಿವರೆಗೆ ಅವು ಚಪ್ಪಟೆ ವಿಶ್ವಕ್ಕೆ ಎದುರು ನಿಲ್ಲುವಂಥದ್ದೇನನ್ನೂ ಗಟ್ಟಿಯಾಗಿ ಹೇಳಿಲ್ಲ.

ಮುಂದೆ ಬರುತ್ತಿರುವುದು

1979ರಲ್ಲಿ ಮೊದಲ ಜೋಡಿ ಬಿಂಬ ಸಿಕ್ಕ ಕಿಟ್ ಪೀಕ್ ಬೆಟ್ಟದ ಮೇಲೇ ಇವತ್ತು ಡೆಸಿ ಅನ್ನುವ ಉಪಕರಣ ಕೆಲಸ ಮಾಡುತ್ತಿದೆ. 4 ಮೀಟರ್ ಟೆಲಿಸ್ಕೋಪಿನ ಮೇಲೆ 5,000 ಪುಟ್ಟ ರೋಬೋಟ್‌ಗಳು. ಒಂದೊಂದರ ತುದಿಯಲ್ಲೂ ಒಂದು ಗಾಜಿನ ಎಳೆ. ಆಕಾಶದ ಒಂದೊಂದು ತುಂಡಿಗೂ ಅವು ಸರಿದು, ತಮ್ಮ ತಮ್ಮ ಗೆಲಾಕ್ಸಿಗೋ ಕ್ವೇಸಾರಿಗೋ ಗುರಿಯಿಟ್ಟು ನಿಂತು ಬೆಳಕು ಹಿಡಿಯುತ್ತವೆ. 2025ರ ಮಾರ್ಚಿನಲ್ಲಿ ಕೊಟ್ಟ ಫಲಿತಾಂಶಕ್ಕೆ 1.4 ಕೋಟಿಗೂ ಹೆಚ್ಚು ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ ಮಾಹಿತಿ ಬಳಕೆಯಾಗಿದೆ. ಹಿನ್ನೆಲೆ ಬೆಳಕಿನ ಮಚ್ಚೆಗಳಲ್ಲಿ ಕಂಡ ಅದೇ ಶಬ್ದದ ಅಲೆಯ ಗುರುತು ಗೆಲಾಕ್ಸಿಗಳ ಹಂಚಿಕೆಯಲ್ಲೂ ಉಳಿದಿದೆ. ಡೆಸಿ ಅದನ್ನು ಬೇರೆ ಬೇರೆ ಕಾಲಘಟ್ಟದಲ್ಲಿ ಅಳೆಯುತ್ತದೆ. ಅದರ ಮಾಹಿತಿಯನ್ನು ಹಿನ್ನೆಲೆ ಬೆಳಕಿನ ಜೊತೆ ಸೇರಿಸಿದರೆ ಒಮೇಗಾ-ಕೆ ಸೊನ್ನೆಯಿಂದ ಸಾವಿರದಲ್ಲಿ ಎರಡು ಮೂರು ಪಾಲಿಗಿಂತ ಆಚೆ ಹೋಗುವುದಿಲ್ಲ. ಅದೇ ಡೆಸಿ ಡಾರ್ಕ್ ಎನರ್ಜಿ ಕಾಲದೊಂದಿಗೆ ಬದಲಾಗುತ್ತಿರಬಹುದು ಅನ್ನುವ ಸುಳಿವನ್ನೂ ಕೊಟ್ಟಿದೆ. ಆ ಸುಳಿವು ನಿಜವಾದರೆ ಹಿಗ್ಗಿನ ಇತಿಹಾಸದ ಬಗ್ಗೆ ನಾವು ಇಟ್ಟುಕೊಂಡ ಊಹೆ ತಪ್ಪು, ಮತ್ತು ಊಹೆ ಬೇಡದ ಅಳತೆಯ ಬೆಲೆ ಇನ್ನೂ ಹೆಚ್ಚುತ್ತದೆ.

ಒಮೇಗಾ-ಕೆ 0.002ರಷ್ಟೇ ಇದ್ದರೆ ವಿಶ್ವದ ಬಾಗುವಿಕೆಯ ತ್ರಿಜ್ಯ 30,000 ಕೋಟಿ ಬೆಳಕಿನ ವರ್ಷಕ್ಕಿಂತ ದೊಡ್ಡದು. ನಮಗೆ ಕಾಣುವ ವಿಶ್ವದ ತ್ರಿಜ್ಯ ಸುಮಾರು 4,600 ಕೋಟಿ. ಶ್ವಾರ್ಜ್‌ಶೀಲ್ಡ್‌ನ 64 ಬೆಳಕಿನ ವರ್ಷದಿಂದ ಇಲ್ಲಿಗೆ ಬರೋಕೆ ನೂರು ವರ್ಷದ ಮೇಲೆ ಕಾಲು ಶತಮಾನ ಹಿಡಿಯಿತು. ಹಾಗಂತ ಚಪ್ಪಟೆ ಅಂದ ಕೂಡಲೇ ವಿಶ್ವಕ್ಕೆ ಕೊನೆಯಿಲ್ಲ ಅಂತ ಹೇಳೋಕಾಗುವುದಿಲ್ಲ. ಚಪ್ಪಟೆ ಹಾಳೆಯನ್ನು ಸುರುಳಿ ಸುತ್ತಿ ಅಂಚಿಗೆ ಅಂಚು ಸೇರಿಸಿದರೂ ಅದರ ಮೇಲಿನ ರೇಖಾಗಣಿತ ಚಪ್ಪಟೆಯೇ ಇರುತ್ತದೆ.

ಈ ಅಳತೆಗೆ ಒಂದು ತಳವೂ ಇದೆ. ಹತ್ತು ಸಾವಿರದಲ್ಲೊಂದು ಪಾಲಿಗಿಂತ ಕೆಳಗೆ ಇಳಿದರೆ, ಕಂಡದ್ದು ಇಡೀ ವಿಶ್ವದ ಬಾಗೋ, ನಾವಿರುವ ಭಾಗದಲ್ಲಿ ವಸ್ತು ಸ್ವಲ್ಪ ಒತ್ತಾಗಿ ಅಥವಾ ತೆಳುವಾಗಿ ಇರುವುದರ ಪರಿಣಾಮವೋ ಅಂತ ಬೇರೆ ಮಾಡೋಕೆ ಆಗುವುದಿಲ್ಲ. ಹುಟ್ಟಿದ ಕ್ಷಣದಲ್ಲೇ ವಿಶ್ವ ಸಿಕ್ಕಾಪಟ್ಟೆ ಹಿಗ್ಗಿ ಸಪಾಟಾಯಿತು ಅನ್ನುವ ಸಿದ್ಧಾಂತ ಸಾಮಾನ್ಯವಾಗಿ ಹೇಳುವುದೂ ಆ ತಳಕ್ಕಿಂತ ಕೆಳಗಿನ ಬಾಗುವಿಕೆಯನ್ನೇ. ಈಗಿನ ಅಳತೆಗೂ ಆ ತಳಕ್ಕೂ ನಡುವೆ ಸುಮಾರು ಇಪ್ಪತ್ತು ಪಟ್ಟು ಜಾಗ ಉಳಿದಿದೆ. ಆ ನಡುವೆ ಎಲ್ಲಾದರೂ ಸೊನ್ನೆಯಲ್ಲದ ಅಂಕಿ ಗಟ್ಟಿಯಾಗಿ ಸಿಕ್ಕಿದರೆ ವಿಶ್ವದ ಹುಟ್ಟಿನ ಕಥೆಯನ್ನು ತಿದ್ದಬೇಕಾಗುತ್ತದೆ.

2023ರ ಜುಲೈನಲ್ಲಿ ಹಾರಿದ ಯೂಕ್ಲಿಡ್ ಬಾಹ್ಯಾಕಾಶ ಟೆಲಿಸ್ಕೋಪ್ ಮಸೂರಗಳನ್ನು ಹುಡುಕುತ್ತಿದೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಕೊಟ್ಟಿತು. ಹತ್ತು ವರ್ಷ ಅದು ದಕ್ಷಿಣದ ಆಕಾಶವನ್ನು ಕೆಲವು ರಾತ್ರಿಗಳಿಗೊಮ್ಮೆ ಪದೇ ಪದೇ ನೋಡಲಿದೆ. ಹೊಳಪು ಏರಿಳಿಯುವ ಕ್ವೇಸಾರ್ ಬಿಂಬಗಳ ನಡುವಿನ ತಡ ಎಷ್ಟು ದಿನ ಅಂತ ಹಿಡಿಯೋಕೆ ಇಂಥದ್ದೇ ನೋಟ ಬೇಕು. ಇವತ್ತು ಅಂಥ ತಡವನ್ನು ಚೆನ್ನಾಗಿ ಅಳೆದಿರುವ ಮಸೂರಗಳು ಕೆಲವೇ ಕೆಲವು. ಅವು ನೂರಾರಾದರೆ, ಒಂದೊಂದೂ ಧ್ರುವದ ಗೂಟದಿಂದ ಎಳೆದ ಬೇರೆ ಬೇರೆ ಹಗ್ಗ. ಕೂಡುಲೆಕ್ಕ ಸರಿಹೋಗುತ್ತದೆಯೋ ಇಲ್ಲವೋ ಅಂತ ಒಂದೊಂದರಲ್ಲೂ ಬೇರೆ ಬೇರೆಯಾಗಿ ನೋಡಬಹುದು.